ಕಂದು ಪಟ್ಟಿಯನ್ನು ಕೆಂಪೆಂದೆ

ಕಂದು ಬಣ್ಣವನ್ನು ಕೆಂಪು ಎಂದು ಹೇಳಿ ಖಾಜಾನ ಕೈಗೆ ಕೊಟ್ಟವನು ನಾನು. ಬಾಯಿ ತಪ್ಪಿ ಬಂದ ಮಾತಲ್ಲ. ದೇವದುರ್ಗದ ಬೇಸಿಗೆ, ಹನ್ನೆರಡರ ಬಿಸಿಲು, ಬಾಗಿಲು ಪೂರಾ ತೆರೆದಿತ್ತು — ಬೆಳಕಿಗೇನೂ ಬರ ಇರಲಿಲ್ಲ. ನನಗೆ ಎರಡೂ ಬಣ್ಣ ಕಾಣುತ್ತಿದ್ದವು. ಅವನಿಗೆ ಕಾಣುತ್ತಿರಲಿಲ್ಲ. ಅದು ಗೊತ್ತಿದ್ದೇ ಹೇಳಿದೆ.

ಇಷ್ಟು ಬರೆಯುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು. ಇದನ್ನು ಮಾಡಿದ್ದು ನಾನೇ? ಅವರ ಮನೆಯ ರೊಟ್ಟಿ ತಿಂದ ನಾನೇ?

ಎಂಬತ್ತರ ದಶಕದ ಕೊನೆಯ ಮಾತು. ನಾನು ಮಾನ್ವಿಯವನು, ಶಾಲಾ ಮಾಸ್ತರರ ಮಗ. ಖಾಜಾ ದೇವದುರ್ಗದವನು. ಅವನ ತಂದೆ ಸ್ಟೋವು, ಲಾಟೀನು, ತಗಡಿನ ಡಬ್ಬಿಗಳನ್ನು ಬೆಸೆಯುತ್ತಿದ್ದವರು. ತೀರಿಕೊಂಡಾಗ ಮಗನಿಗೆ ಬಿಟ್ಟು ಹೋದದ್ದು ಕೆಂಡದಲ್ಲಿ ಕಾಯಿಸುವ ಒಂದು ತಾಮ್ರದ ಬೆಸುಗೆ ಕಡ್ಡಿ ಮತ್ತು ಆ ಕಡ್ಡಿ ಹಿಡಿಯುವ ಕೈ. ನಾವಿಬ್ಬರೂ ರಾಯಚೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೆವು. ಮೂರು ವರ್ಷ ಒಂದೇ ಖೋಲಿ, ಒಂದೇ ಒಲೆ, ಒಂದೇ ಬಕೆಟ್ಟು.

ರೆಸಿಸ್ಟರ್ ಎಂಬ ಚಿಕ್ಕ ಬಿಡಿಭಾಗದ ಮೇಲೆ ಅದು ಕರೆಂಟನ್ನು ಎಷ್ಟು ತಡೆಯುತ್ತದೆಂಬುದನ್ನು ಅಂಕಿಯಲ್ಲಿ ಬರೆದಿರುವುದಿಲ್ಲ, ಬಣ್ಣದ ಪಟ್ಟಿಗಳಲ್ಲಿ ಬಳಿದಿರುತ್ತಾರೆ. ಕಂದು ಅಂದರೆ ಒಂದು, ಕೆಂಪು ಅಂದರೆ ಎರಡು. ನಮ್ಮ ವಿದ್ಯೆಯ ಅಕ್ಷರಾಭ್ಯಾಸವೇ ಇದು. ಖಾಜಾನಿಗೆ ಕೆಂಪು, ಕಂದು, ಹಸಿರು — ಮೂರೂ ಒಂದೇ. ಈ ಗುಟ್ಟು ಅವನ ತಾಯಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಕಾಲೇಜಿಗೆ ಗೊತ್ತಾದರೆ ಓದು ನಿಂತೇ ಹೋಗುತ್ತದೆಂದು ಅವನಿಗೆ ಭಯ. ಅದಕ್ಕೇ ಪ್ರತಿಯೊಂದನ್ನೂ ಮೀಟರಿನಿಂದ ಅಳೆದು, ಕಾಗದದ ಪೊಟ್ಟಣ ಕಟ್ಟಿ ಹೆಸರು ಬರೆದಿಡುತ್ತಿದ್ದ. ಬ್ಯಾಟರಿಯ ಆ ಮೀಟರು ನನ್ನದು. ಅದಿಲ್ಲದ ಕಡೆ ನಾನೇ ಬಣ್ಣ ಓದಿ ಹೇಳುತ್ತಿದ್ದೆ. ಮೂರು ವರ್ಷ ಒಮ್ಮೆಯೂ ತಪ್ಪು ಹೇಳಲಿಲ್ಲ — ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ತಪ್ಪಿಲ್ಲದೆ ಹೇಳಬಲ್ಲವನು ನಾನು ಎಂದಷ್ಟೇ.

ಅವನ ತಾಯಿ ನನಗೆ ರೊಟ್ಟಿ ಬಡಿಸುತ್ತ ಒಮ್ಮೆ ಹೇಳಿದ್ದರು: "ಸಣ್ಣಾಂವ ಇದ್ದಾಗ ಹಸಿ ಮೆಣಸಿನಕಾಯಿ ತಾ ಅಂದ್ರ ಕೆಂಪನ್ನೂ ಕೂಡಿಸಿ ತರ್ತಿದ್ದ ಬೇಟಾ. ಹೊಡೀತಿದ್ದೆ ನಾನು. ಪಾಪ, ಕಾಣ್ತಿರ್ಲಿಲ್ಲ ಅಂತ ಆಮ್ಯಾಲ ತಿಳೀತು. ನೀ ಅವನ ಕಣ್ಣಾಗಿರು."

ಹೂಂ ಅಂದಿದ್ದೆ. ಬಾಯ್ತುಂಬ ರೊಟ್ಟಿ ಇಟ್ಟುಕೊಂಡು ಹೂಂ ಅಂದಿದ್ದೆ.

ಕೊನೆಯ ವರ್ಷ ಅವನ ಅಕ್ಕನ ಗಂಡ ಸೌದಿಯಿಂದ ಒಂದು ಸಿ.ಡಿ. ಪ್ಲೇಯರ್ ತಂದರು. ದೇವದುರ್ಗದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ತಟ್ಟೆ ತಿರುಗುತ್ತಿತ್ತು, ದೀಪ ಹತ್ತುತ್ತಿತ್ತು, ಸದ್ದು ಮಾತ್ರ ಇಲ್ಲ. ಆ ತಟ್ಟೆಯ ಮೇಲೆ ಹಾಡು ಇರುವುದಿಲ್ಲ, ಬರೀ ಅಂಕಿಗಳಿರುತ್ತವೆ. ಅಂಕಿಗಳನ್ನು ಮತ್ತೆ ಸದ್ದಾಗಿ ತಿರುಗಿಸುವ ಚಿಪ್ಪೊಂದು ಒಳಗಿರಬೇಕು, ಅದು ಸತ್ತಿತ್ತು. ಹೈದರಾಬಾದಿಗೆ ಒಯ್ದರೆ, ಸಿಗುವುದಿಲ್ಲ, ಎಸೆಯಿರಿ ಅಂದರು. ಖಾಜಾ ಎಸೆಯಲಿಲ್ಲ. "ಚಿಪ್ಪು ಇಲ್ಲಂದ್ರ ನಾವೇ ಕಟ್ಟೋಣಲೇ ಈರಣ್ಣ" ಅಂದ.

ನಾನು ನಕ್ಕೆ. ಅವನು ಕಟ್ಟಿದ.

ಚಿಪ್ಪಿನ ಬದಲು ರೆಸಿಸ್ಟರುಗಳನ್ನು ಜೋಡಿಸಿ ಕಟ್ಟಿದ, ಹದಿನಾರು ಮೆಟ್ಟಿಲಿನ ಒಂದು ಏಣಿ ಅದು. ಇರುವುದು ಎರಡೇ ಬಗೆಯ ರೆಸಿಸ್ಟರು: ಹತ್ತು ಸಾವಿರ ಓಮಿನದು, ಇಪ್ಪತ್ತು ಸಾವಿರದ್ದು. ಮೊದಲನೆಯದರ ಮೇಲೆ ಕಂದು, ಕಪ್ಪು, ಕಿತ್ತಳೆ. ಎರಡನೆಯದರ ಮೇಲೆ ಕೆಂಪು, ಕಪ್ಪು, ಕಿತ್ತಳೆ. ವ್ಯತ್ಯಾಸ ಇಡೀ ಮೈಯಲ್ಲಿ ಒಂದೇ ಪಟ್ಟಿ — ಅದೂ ಅವನಿಗೆ ಕಾಣದ ಪಟ್ಟಿ! ರಾಶಿ ರೆಸಿಸ್ಟರು ತಂದು ಒಂದೊಂದನ್ನೂ ಅಳೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದವನ್ನು ಆರಿಸಿದ. ಕೆಳಗಿನ ಮೆಟ್ಟಿಲಲ್ಲಿ ತಪ್ಪಾದರೆ ಕಿವಿಗೆ ತಿಳಿಯುವುದಿಲ್ಲ, ಎಲ್ಲಕ್ಕಿಂತ ಮೇಲಿನದರಲ್ಲಿ ತಪ್ಪಾದರೆ ಹಾಡೇ ಹರಿದುಹೋಗುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿಕೊಟ್ಟವನೂ ಅವನೇ.

ನಾವೇ ತಯಾರಿಸಿದ ಯಂತ್ರವೊಂದನ್ನು ತೋರಿಸಬೇಕಾದ ಕೊನೆಯ ಪರೀಕ್ಷೆಗೆ ಮೂರು ದಿನ ಮೊದಲು ದೇವದುರ್ಗದ ಅವರ ಮನೆಯಲ್ಲಿ ಅದು ಹಾಡಿತು. ಪ್ಲೇಯರಿನ ಜೊತೆ ಬಂದಿದ್ದ ಒಂದೇ ಒಂದು ತಟ್ಟೆ, ಯಾರೋ ಅರಬ್ಬೀ ಹಾಡುಗಾರನದು. ಅರಬ್ಬೀ ಕಿವಿಗೆ ಬಿದ್ದದ್ದೇ ಅವನ ತಾಯಿ ಲಗುಬಗೆಯಿಂದ ತಲೆಯ ಮೇಲೆ ಸೆರಗೆಳೆದುಕೊಂಡು ಕಣ್ಣು ಮುಚ್ಚಿದರು. "ಅಮ್ಮಿ, ಅದು ಲವ್ ಸಾಂಗ್ ಅದ" ಎಂದು ಖಾಜಾ ಬಿದ್ದು ಬಿದ್ದು ನಕ್ಕ. ಅವರೂ ನಕ್ಕರು, ಸೆರಗು ಮಾತ್ರ ತೆಗೆಯಲಿಲ್ಲ. ನಾನು ದಂಗಾಗಿ ಕುಳಿತಿದ್ದೆ. ಕ್ಯಾಸೆಟ್ಟಿನ ಆ ಸುರ್ ಎನ್ನುವ ಸದ್ದಿಲ್ಲ, ರೇಡಿಯೊದ ಗೊರಗೊರ ಇಲ್ಲ. ಹಾಡುಗಾರ ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಅದನ್ನು ಈ ತಗಡು ಬೆಸೆಯುವವನ ಮಗ, ಬಣ್ಣ ಕಾಣದವನು — ನೋಡಿ, ನನ್ನ ತಲೆಯಲ್ಲಿ ಆಗ ಬಂದ ಮಾತು ಹೀಗೇ ಇತ್ತು. ಮುಚ್ಚಿಡುವುದಿಲ್ಲ. ನಾನು ಪರೀಕ್ಷೆಗೆ ತಯಾರು ಮಾಡಿದ್ದು ಪತ್ರಿಕೆಯೊಂದರ ನಕ್ಷೆ ನೋಡಿ ಜೋಡಿಸಿದ ಸಾದಾ ಆಂಪ್ಲಿಫೈಯರು. ಅವನ ಹಾಡು ಹೊರಬಂದದ್ದೂ ಅದರಿಂದಲೇ. ಅವನ ಹಾಡಿಗೆ ನನ್ನದು ತುತ್ತೂರಿ.

ಕಾಲೇಜಿನಲ್ಲಿ ಲ್ಯಾಬ್ ಸಹಾಯಕನ ಒಂದು ಹುದ್ದೆ ಖಾಲಿ ಇತ್ತು. ಪರೀಕ್ಷೆಯಲ್ಲಿ ಯಾರ ಕೆಲಸ ಚೆನ್ನಾಗಿರುತ್ತದೋ ಅವನಿಗೇ ಎಂದು ನಮ್ಮ ಲ್ಯಾಬಿನ ಸರ್ ಹೇಳಿಬಿಟ್ಟಿದ್ದರು. ಆ ಹುದ್ದೆ ಸಿಕ್ಕರೆ ಖಾಜಾ ಇಲ್ಲೇ ಉಳಿಯುತ್ತಾನೆ, ಇದೇ ಕೆಲಸದಲ್ಲಿ ಉಳಿಯುತ್ತಾನೆ. ಇಲ್ಲದಿದ್ದರೆ ಭಾವ ತಂದಿಟ್ಟ ವೀಸಾ ಕಾಯುತ್ತಿತ್ತು: ಸೌದಿಯ ಗೋದಾಮಿನಲ್ಲಿ ಮೂಟೆ ಹೊರುವುದು. ಇದೂ ನನಗೆ ಗೊತ್ತಿತ್ತು. ಏನು ಗೊತ್ತಿರಲಿಲ್ಲ ನನಗೆ?

ಪರೀಕ್ಷೆಯ ಹಿಂದಿನ ದಿನ ರಾಯಚೂರಿಗೆ ಒಯ್ಯಲೆಂದು ಎಲ್ಲವನ್ನೂ ತಗಡಿನ ಡಬ್ಬಿಯಲ್ಲಿ ಕೂಡಿಸುವಾಗ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನ ರೆಸಿಸ್ಟರಿನ ಕಾಲು ಮುರಿಯಿತು. ಕರೆಂಟು ಹೋಗಿತ್ತು. ಎರಡಕ್ಕೆ ಬಸ್ಸು, ಸಂಜೆಯೊಳಗೆ ಯಂತ್ರವನ್ನು ಕಾಲೇಜಿಗೆ ಒಪ್ಪಿಸಿಬಿಡಬೇಕು. ಖಾಜಾ ಗಾಬರಿಯಾಗಲಿಲ್ಲ, ಸಿಗಡಿ ಒಲೆಯ ಕೆಂಡದಲ್ಲಿ ಅಪ್ಪನ ತಾಮ್ರದ ಕಡ್ಡಿ ಇಟ್ಟ. ಅಳೆದಿಟ್ಟ ಪೊಟ್ಟಣದಲ್ಲಿ ಇಪ್ಪತ್ತು ಸಾವಿರದ್ದು ಒಂದೂ ಉಳಿದಿರಲಿಲ್ಲ. ಅಳೆಯದೆ ಬಿಟ್ಟವು ಒಂದು ಬಟ್ಟಲಿನಲ್ಲಿ ಕಲೆತು ಬಿದ್ದಿದ್ದವು.

"ಮೀಟರ್ ಕೊಡಲೇ" ಅಂದ.

"ಮಾನ್ವ್ಯಾಗ ಬಿಟ್ಟು ಬಂದೀನಿ" ಅಂದೆ.

ಮೀಟರು ನನ್ನ ಮೊಣಕಾಲಿಗೆ ಒತ್ತಿಕೊಂಡಿದ್ದ ಚೀಲದಲ್ಲಿತ್ತು. ಮೊದಲು ಸುಳ್ಳು ಬಾಯಿಂದ ಹೊರಟಿತು, ಯಾಕೆ ಹೊರಟಿತೆಂದು ನನಗೆ ತಿಳಿದದ್ದು ಆಮೇಲೆ. ಅವನು ಬಟ್ಟಲನ್ನು ನನ್ನ ಮುಂದೆ ಹಿಡಿದ. "ಹಂಗಾದ್ರ ನೀನೇ ನೋಡು. ಕೆಂಪಿಂದು ಒಂದು ತೆಗಿ."

ನಾನು ಕಂದಿನದು ತೆಗೆದೆ. "ತೊಗೋ, ಕೆಂಪು" ಅಂದೆ.

ಅವನು ನೋಡಲೇ ಇಲ್ಲ. ನೋಡಿದರೂ ಏನು ಕಾಣುತ್ತಿತ್ತು! ಕೆಂಡದಿಂದ ಕಡ್ಡಿ ತೆಗೆದು ಒಂದೇ ಮುಟ್ಟಿಗೆ ಬೆಸೆದ. ಕರೆಂಟಿಲ್ಲದೆ ಹಚ್ಚಿ ನೋಡುವ ಹಾಗಿರಲಿಲ್ಲ. ಅಷ್ಟರಲ್ಲಿ ಅವನ ತಾಯಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ಭಜಿ ತಂದಿಟ್ಟರು. ತಿಂದೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ — ನಾನು ಬಗೆದ ಮೇಲೂ ಉಂಡೆ.

ಬಸ್ಸಿನಲ್ಲಿ ಹೇಳಬಹುದಿತ್ತು. ಡಬ್ಬಿಯನ್ನು ಅವನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದ. ರಾಯಚೂರು ಬಂತು. ಹೇಳಲಿಲ್ಲ.

ಮರುದಿನ, ಪರೀಕ್ಷೆಯ ಕೋಣೆ. ಖಾಜಾ ಗುಂಡಿ ಒತ್ತಿದ. ಗೋಣಿಚೀಲವನ್ನು ಬರಬರ ಹರಿದಂತೆ ಸದ್ದು ಬಂತು, ಅದರೊಳಗೆ ಎಲ್ಲೋ ಒಬ್ಬ ಮನುಷ್ಯ ಕಿರುಚುತ್ತಿದ್ದ. ಖಾಜಾನ ಮುಖ ನೆತ್ತರಿಲ್ಲದಂತಾಯಿತು. ಬೇರೆ ಊರಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಕೆಂಪಿನ ಸಾಲಿನಾಗ ಕಂದು ಕುಂತದಲ್ಲಪಾ. ಕಾಣಲಿಲ್ಲೇನು?"

ಖಾಜಾ ಡಬ್ಬಿಯ ಮೇಲೆ ಬಗ್ಗಿದ. ಪರೀಕ್ಷಕರಿಗೆ ಏನನ್ನಿಸಿತೋ, ಮೇಜಿನ ಮೇಲಿದ್ದ ಎರಡು ರೆಸಿಸ್ಟರನ್ನು ಅಂಗೈಯಲ್ಲಿ ಇಟ್ಟುಕೊಂಡು ಮುಂದೆ ಹಿಡಿದರು. "ಇದರಾಗ ಕೆಂಪು ಯಾವುದು, ತೋರ್ಸು."

ಅವನು ಅಂಗೈ ನೋಡಿದ. ಆಮೇಲೆ ನನ್ನ ಕಡೆ ನೋಡಿದ.

ಮೂರು ವರ್ಷ ಲ್ಯಾಬಿನಲ್ಲಿ ಹೀಗೆ ನೋಡಿದಾಗಲೆಲ್ಲ ನಾನು ಕೆಮ್ಮುತ್ತಿದ್ದೆ: ಎಡಗಡೆಯದಾದರೆ ಒಮ್ಮೆ, ಬಲಗಡೆಯದಾದರೆ ಎರಡು ಸಲ. ಅವತ್ತು ಕೆಮ್ಮಲಿಲ್ಲ. ನೆಲ ನೋಡಿದೆ.

"ತಿಳೀವಲ್ದು ಸರ್" ಅಂದ ಖಾಜಾ. "ನನಗ ಬಣ್ಣ ಕಾಣಂಗಿಲ್ಲ. ನಂದೇ ತಪ್ಪು."

ನಮ್ಮ ಸರ್ ತಾವೇ ಎದ್ದು ಬಂದು ಕಂದಿನದನ್ನು ಕಿತ್ತು, ಕೆಂಪಿನದು ಹಾಕಿದರು. ಎರಡು ನಿಮಿಷದ ಕೆಲಸ. ಹಾಡು ಬಂತು! ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು, ಪರೀಕ್ಷಕರು ಅವನ ಬೆನ್ನು ತಟ್ಟಿದರು. ನಾನು ಮಾತ್ರ ಮರಗಟ್ಟಿ ನಿಂತಿದ್ದೆ. ಯಂತ್ರ ಕೆಡಿಸಿದೆನೆಂದುಕೊಂಡಿದ್ದೆ, ಯಂತ್ರ ಎರಡು ನಿಮಿಷದಲ್ಲಿ ಸರಿಹೋಯಿತು. ಕೆಟ್ಟದ್ದು ಬೇರೆಯೇ. ಮೂರು ವರ್ಷ ಪ್ರಾಣದಂತೆ ಕಾಯ್ದುಕೊಂಡಿದ್ದ ಗುಟ್ಟನ್ನು ಅವನು ಎಲ್ಲರೆದುರು ತನ್ನ ಬಾಯಿಂದಲೇ — ಇಷ್ಟು ದೂರ ಹೋಗುತ್ತದೆಂದು ನಾನು ಎಣಿಸಿರಲಿಲ್ಲ ಎಂದು ಬರೆಯಲು ಕೈ ತುಡಿಯುತ್ತಿದೆ. ಬರೆಯುವುದಿಲ್ಲ. ಎಣಿಸಿದ್ದೆನೋ ಇಲ್ಲವೋ, ಕೆಮ್ಮಲು ಗಂಟಲಿತ್ತಲ್ಲ.

"ಎಂಥಾ ಕೈ ಅದಪಾ ನಿಂದು" ಎಂದರು ಸರ್ ಅವನನ್ನು ಹೊರಗೆ ಕರೆದು. "ಆದ್ರ ಲ್ಯಾಬಿನಾಗ ಬಣ್ಣ ತಿಳೀದವರನ್ನ ಹೆಂಗ ಇಟ್ಕೊಳ್ಳೋದು?" ಅವರ ಕಣ್ಣಲ್ಲಿ ನೀರಿತ್ತು.

ಹುದ್ದೆ ನನಗೆ ಬಂತು. ಸರ್ ಕಿತ್ತು ಮೇಜಿನ ಮೇಲೆ ಬಿಟ್ಟಿದ್ದ ಕಂದು ಪಟ್ಟಿಯ ರೆಸಿಸ್ಟರನ್ನು ಯಾರೂ ನೋಡದಾಗ ಜೇಬಿಗೆ ಹಾಕಿಕೊಂಡಿದ್ದೆ. ಯಾಕೋ! ಕಳ್ಳನ ಮನಸ್ಸು ಹುಳ್ಳುಹುಳ್ಳಗೆ.

ಖಾಜಾ ಸೌದಿಗೆ ಹೋದ. ಬೀಳ್ಕೊಡಲು ಹೋದಾಗ ತಾಮ್ರದ ಕಡ್ಡಿ ಅಟ್ಟದ ಮೇಲೇರಿತ್ತು. ಅವನ ತಾಯಿ ನನ್ನ ಎರಡೂ ಕೈ ಹಿಡಿದು, "ನೀ ಇದ್ದಿ ಅಂತ ಇಷ್ಟರ ಓದಿದ ಬೇಟಾ" ಅಂದರು. ನನ್ನ ನಾಲಿಗೆ ಸೇದಿಹೋಗಲಿಲ್ಲ. ಅವನು ಅಲ್ಲಿ ಹನ್ನೊಂದು ವರ್ಷ ಮೂಟೆ ಹೊತ್ತ. ನಾನು ಇಲ್ಲಿ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮುಂದೆ ನಿಂತು ಕಪ್ಪು, ಕಂದು, ಕೆಂಪು ಎಂದು ಬಾಯಿಪಾಠ ಮಾಡಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಗೆ ಸಂಬಳವೂ ಬರುತ್ತಿತ್ತು.

ಅವನು ತಿರುಗಿ ಬಂದು ದೇವದುರ್ಗದಲ್ಲಿ ಹಿಟ್ಟಿನ ಗಿರಣಿ ಹಾಕಿದ. ಆಗೀಗ ಭೇಟಿಯಾಗುತ್ತಿದ್ದೆವು. ತನ್ನ ಮಗಳು ನಸೀಮಾಳನ್ನು ನಮ್ಮ ಕಾಲೇಜಿಗೇ ಸೇರಿಸಿದ. ಕಳೆದ ತಿಂಗಳು ಆ ಹುಡುಗಿ ಲ್ಯಾಬಿಗೆ ಒಂದು ಹಳೆಯ ತಗಡಿನ ಡಬ್ಬಿ ತಂದಳು. ನೋಡಿದ್ದೇ ಗುರುತು ಹಿಡಿದೆ.

"ಸರ್, ಅಬ್ಬಾ ಮಾಡಿದ್ದು" ಅಂದಳು. ಒಳಗೆ ಬೆರಳಿಟ್ಟು ತೋರಿಸಿದಳು. "ಈ ಒಂದರ ಬೆಸುಗಿ ಬ್ಯಾರೆ ಕಾಣ್ತದ ನೋಡ್ರಿ. ಅಬ್ಬಾ ಹೇಳ್ತಾರ, ನೀವು ಸರಿಯಾಗೇ ಕೊಟ್ಟಿದ್ರಂತ, ಅವರೇ ಕೈಯಾಗ ಅದಲುಬದಲು ಮಾಡ್ಕೊಂಡ್ರಂತ. ಈರಣ್ಣ ಮಾಮಾನಂಥ ಕಣ್ಣು ಸಿಗಬೇಕಂದ್ರ ನಸೀಬ್ ಬೇಕು ಅಂತಾರ."

ಸಿಡಿಲು ಬಡಿದಂತಾಯಿತು ಎಂದು ಬರೆದರೆ ಅದು ಕಡಿಮೆಯೇ. ಅವನಿಗೆ ಎಲ್ಲೋ ಅನುಮಾನವಿರಬೇಕು, ದೊಡ್ಡ ಮನಸ್ಸಿನಿಂದ ಬಿಟ್ಟಿರಬೇಕು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅನುಮಾನವೇ ಇರಲಿಲ್ಲ. ನನ್ನ ಸುಳ್ಳನ್ನು ಅವನು ತನ್ನ ತಪ್ಪೆಂದು ನಂಬಿ, ಮಗಳಿಗೂ ನಂಬಿಸಿದ್ದ.

ಹುಡುಗಿಯ ಕೈಯಲ್ಲಿ ಹೇಳಿ ಕಳಿಸುವುದು ಇನ್ನೊಂದು ಹೇಡಿತನ. ಭಾನುವಾರ ನಾನೇ ಬಸ್ಸು ಹತ್ತಿದೆ.

ನನ್ನನ್ನು ಕಂಡು ಖಾಜಾ ಗಿರಣಿ ನಿಲ್ಲಿಸಿದ. ಹುಬ್ಬಿಗೆಲ್ಲ ಹಿಟ್ಟು. "ಬಾರಲೇ ಈರಣ್ಣ, ಚಾ ಹೇಳ್ತೀನಿ" ಅಂದ. ಬೇಡವೆಂದು, ಅಂಗೈ ಬಿಚ್ಚಿ ಇಷ್ಟು ವರ್ಷ ಇಟ್ಟುಕೊಂಡಿದ್ದ ಆ ರೆಸಿಸ್ಟರನ್ನು ಮುಂದೆ ಹಿಡಿದೆ. ಅವನು ಹಳೆಯ ರೂಢಿಯಂತೆ ಕೇಳಿದ: "ಯಾವ ಬಣ್ಣಲೇ?"

"ಕಂದು" ಅಂದೆ. "ಅವತ್ತೂ ಕಂದೇ ಇತ್ತು. ಗೊತ್ತಿದ್ದೇ ಕೆಂಪು ಅಂದೆ."

ಅವನು ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ, ಈಗಲಾದರೂ ಕಂಡೀತೇನೋ ಎನ್ನುವ ಹಾಗೆ. ಆಮೇಲೆ ಒಂದೇ ಮಾತು ಕೇಳಿದ.

"ಮೀಟರ್ ಮಾನ್ವ್ಯಾಗ ಇತ್ತಲ್ಲ?"

"ಇಲ್ಲ. ನನ್ನ ಚೀಲದಾಗ ಇತ್ತು."

ಖಾಜಾ ರೆಸಿಸ್ಟರನ್ನು ನನ್ನ ಅಂಗೈಯಲ್ಲಿ ತಿರುಗಿ ಇಟ್ಟು, ಬೆರಳುಗಳನ್ನು ಮಡಿಚಿದ. ಎದ್ದು ಹೋಗಿ ಗಿರಣಿ ಚಾಲೂ ಮಾಡಿದ. ಆ ಸದ್ದಿನಲ್ಲಿ ಯಾರೂ ಯಾರೊಂದಿಗೂ ಮಾತಾಡಲು ಬರುವುದಿಲ್ಲ.