ಟೀಚರಮ್ಮನ ಅಂಗೈ

ಭದ್ರಾವತಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಚರ್ಚಿನ ಟೀಚರಮ್ಮನ ಅಂಗೈಗಳು ಸುಟ್ಟು ಮುದುಡಿದ್ದವು. ಪಕ್ಕದ ಮನೆಯ ಸೊಸೆಯ ಸೀರೆಗೆ ಬೆಂಕಿ ಹತ್ತಿದಾಗ ಅದನ್ನು ಬರಿಗೈಯಲ್ಲೇ ನಂದಿಸಿದ್ದರು. ಯಾರು ಹೊಗಳಿದರೂ “ಇರ್ಲಿ ಬಿಡಿ” ಎನ್ನುತ್ತಿದ್ದರು. ಆ ಸೊಸೆ ಮಾತ್ರ ಅವರ ಕೈಗಳನ್ನು ನೋಡಲಾರದೆ ದೂರವೇ ಉಳಿದಿದ್ದಳು.

ಒಂದು ಈಸ್ಟರ್ ದಿನ ಟೀಚರಮ್ಮ ಕೇಕ್ ಹಿಡಿದು ತಾವೇ ಅವಳ ಬಾಗಿಲಿಗೆ ಹೋದರು. ಜೊತೆಗೆ ನಾನಿದ್ದೆ.

“ನನ್ನಿಂದ ನಿಮ್ಮ ಕೈ ಹಿಂಗಾಯ್ತು,” ಎಂದು ಅವಳು ಅತ್ತಳು.

“ಸತ್ತು ಎದ್ದು ಬಂದ ಏಸುವಿನ ಕೈಯಲ್ಲೂ ಗಾಯ ಹಾಗೇ ಇತ್ತು, ಮಾರಾಯ್ತಿ. ಮುಟ್ಟಿ ನೋಡು, ಈಗ ನೋವಿಲ್ಲ,” ಎಂದು ಟೀಚರಮ್ಮ ಕೈ ಚಾಚಿದರು.

ಅವಳು ಆ ಅಂಗೈಗಳನ್ನು ಕೆನ್ನೆಗೆ ಬಿಗಿಯಾಗಿ ಒತ್ತಿಕೊಂಡಳು.

ಬೀದಿಗೆ ಬಂದ ಮೇಲೆ ಟೀಚರಮ್ಮ ಕೈಗಳನ್ನು ಮೆಲ್ಲಗೆ ಸೆರಗಿನಲ್ಲಿ ಸುತ್ತಿಕೊಂಡರು.

“ಇನ್ನೂ ಉರಿಯುತ್ತೆ,” ಎಂದರು. “ಅವಳಿಗೆ ಹೇಳ್ಬೇಡಿ.”