ಜೋಳ ಮೊಳೆತ ಎತ್ತುಗಳು

ಸೊಸೆ ನನ್ನನ್ನು ಮಣ್ಣಿನ ಕ್ಲಾಸಿಗೆ ಹಾಕಿದಾಗಲೇ ನನಗೆ ಅನುಮಾನ ಬಂತು. ನನ್ನ ವಯಸ್ಸಿನವರನ್ನು ಯಾರಾದರೂ ಸುಮ್ಮನೆ ಕ್ಲಾಸಿಗೆ ಹಾಕುತ್ತಾರೆಯೇ?

"ಅತ್ತಿ, ನಿಮ್ಮ ಕೈ ಭಾಳ ಚಲೋ ಅದ್ರಿ. ಶನಿವಾರ ಮಧ್ಯಾಹ್ನ ವಿಮಾನ ನಗರದಾಗ ಕಲಸ್ತಾರ, ಹೋಗಿ ಬರ್ರಿ" ಎಂದಳು. ಮಾತು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿತ್ತು. ಅದೇ ಸರಿ ಕಾಣಲಿಲ್ಲ. ಧಾರವಾಡ ಬಿಟ್ಟು ಈ ಮರಾಠಿ ಊರಿಗೆ, ಮಗ-ಸೊಸೆಯ ಖಡಕಿಯ ಫ್ಲಾಟಿಗೆ ಬಂದು ನನಗೆ ವರ್ಷವಾಗಿತ್ತು. ಶನಿವಾರ ಮಗ ಕೆಲಸಕ್ಕೆ ಹೋಗುತ್ತಾನೆ, ಮನೆಯಲ್ಲಿ ಅವಳೊಬ್ಬಳೇ. ನಾನಿಲ್ಲದಾಗ ಯಾರು ಬರುತ್ತಾರೆ, ಏನು ಮಾತಾಗುತ್ತದೆ? ನನ್ನನ್ನು ಸಾಗಹಾಕುವ ಯೋಚನೆಯಿದ್ದರೆ ನಾನು ಎಲ್ಲಿಗೆ ಹೋಗಲಿ?

ಕ್ಲಾಸಿನ ಮಣ್ಣೂ ನಂಬುವಂಥದ್ದಾಗಿರಲಿಲ್ಲ. ಅದರಲ್ಲಿ ನೆನೆಸಿ ಅರೆದ ಕಾಗದ ಬೆರೆಸಿದ್ದರು. ಹರಿದರೆ ನಾರುನಾರಾಗಿ ಬರುತ್ತಿತ್ತು. ಒಣಗಿದ ತುಂಡಿಗೂ ಹಸಿ ತುಂಡು ಅಂಟುತ್ತದೆ, ಬಿರುಕು ಬಿಟ್ಟರೆ ತೆಳು ಮಣ್ಣು ಸವರಿ ಮುಚ್ಚಬಹುದು, ಅವಸರವೇ ಬೇಡ ಎಂದು ಕಲಿಸುವ ಹುಡುಗಿ ಮರಾಠಿಯಲ್ಲಿ ಹೇಳಿದಳು. ಯಾರ ಕಿವಿಗೆ ಹೂವಿಡುತ್ತಾಳೆ? ಮಣ್ಣೆತ್ತಿನ ಅಮಾವಾಸ್ಯೆಗೆ ಹುತ್ತದ ಮಣ್ಣು ತಂದು ಎತ್ತು ಮಾಡಿ ಪೂಜಿಸಿದವಳು ನಾನು. ಒಣಗಿದ ಎತ್ತಿಗೆ ಕೋಡು ಹಚ್ಚಿದರೆ ಆರತಿಗೆ ಮೊದಲೇ ಉದುರುತ್ತದೆ.

ಉಳಿದವರು ಮಣ್ಣನ್ನು ಚಪಾತಿಯಂತೆ ಲಟ್ಟಿಸಿ ತಟ್ಟೆ, ಹೂದಾನಿ ಮಾಡಿ, ಬಣ್ಣದ ಮಣ್ಣು ಬಳಿದು, ಅದರ ಮೇಲೆ ಮೊಳೆಯಿಂದ ಬಳ್ಳಿ ಕೊರೆಯುತ್ತಿದ್ದರು. ನಾನು ಜೋಡೆತ್ತು ಮಾಡಿದೆ. ಬೆನ್ನಿಗೆ ಬಣ್ಣ ಬಳಿದು, ಹಬ್ಬಕ್ಕೆ ಎತ್ತಿಗೆ ಹೊದಿಸುವ ಝೂಲಿನ ಚಿತ್ತಾರ ಕೊರೆದೆ. ಆದರೆ ಕೊರಳಲ್ಲಿ ಸರವಿಲ್ಲದ ಎತ್ತು ಎತ್ತೇ? ಮನೆಯಿಂದ ಒಯ್ದಿದ್ದ ಜೋಳದ ಕಾಳುಗಳನ್ನು, ನಮ್ಮವ್ವ ಮಾಡುತ್ತಿದ್ದ ಹಾಗೆ, ಸಾಲಾಗಿ ಒತ್ತಿದೆ. ಕೋಡಿನ ಕೆಲಸ ಬಾಕಿ ಇರುವಾಗಲೇ ಹೊತ್ತಾಯಿತು. "ಹಾಗೇ ಒಣಗಲಿ ಕಾಕೂ, ಕೋಡು ಮುಂದಿನ ವಾರ ಹಚ್ಚೋಣ" ಎಂದಳು ಕಲಿಸುವ ಹುಡುಗಿ. ನಾನೇನು ಮರುಳೇ? ಅವಳು ಆಚೆ ತಿರುಗಿದ ಕೂಡಲೇ ಎತ್ತುಗಳಿಗೆ ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಕಪಾಟಿನ ಮೂಲೆಗೆ ಸೇರಿಸಿದೆ.

ಮುಂದಿನ ಶನಿವಾರ ಬಿಚ್ಚಿದರೆ ಎರಡೂ ಎತ್ತಿನ ಕೊರಳ ಸುತ್ತ ಜೋಳ ಬೆರಳುದ್ದ ಮೊಳೆತು ನಿಂತಿತ್ತು! ಕುತ್ತಿಗೆ ಬಿರಿದಿತ್ತು. ಕ್ಲಾಸಿಗೆ ಕ್ಲಾಸೇ ನಕ್ಕು ಫೋಟೋ ತೆಗೆಯಿತು. "ಒಣಗಲು ಬಿಡಿ ಕಾಕೂ, ಬಿರುಕು ಮುಚ್ಚಬಹುದು" ಎಂದು ಆ ಹುಡುಗಿ ಹೇಳುತ್ತಲೇ ಇದ್ದಳು. ಇವರ ನಗೆಗೆ ವಸ್ತುವಾಗಲೆಂದೇ ಸೊಸೆ ನನ್ನನ್ನು ಕಳಿಸಿದ್ದಾಳೆ ಎನಿಸಿ ಮೈ ಉರಿಯಿತು. ಕೈಯನ್ನೂ ಸರಿಯಾಗಿ ತೊಳೆಯದೆ ರಿಕ್ಷಾ ಹಿಡಿದೆ. ಹೇಗೂ ಬೇಗ ಹೊರಟಿದ್ದೇನೆ, ಮನೆಯ ಗುಟ್ಟೂ ಇವತ್ತು ರಟ್ಟಾಗಲಿ ಎಂದುಕೊಂಡೆ.

ಬೆಲ್ ಒತ್ತದೆ ನನ್ನ ಕೀಲಿಯಿಂದಲೇ ಬಾಗಿಲು ತೆಗೆದೆ. ಯಾರೂ ಬಂದಿರಲಿಲ್ಲ. ಸೊಸೆ ಫ್ಯಾನಿನ ಕೆಳಗೆ ಬರಿ ನೆಲದ ಮೇಲೆ ಕೂದಲು ಬಿಚ್ಚಿ, ಕಾಲು ಚಾಚಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಚುರುಮುರಿ ತಿಂದ ಬಟ್ಟಲು. ನಾನು ಬಂದಾಗಿನಿಂದ ಅವಳು ಹಗಲು ಅಡ್ಡಾದದ್ದನ್ನೇ ಕಂಡಿರಲಿಲ್ಲ. ನನ್ನ ಅನುಮಾನ ಸುಳ್ಳಾಗಿರಲಿಲ್ಲ. ನಾನು ಮನೆಯಲ್ಲಿರಬಾರದೆಂದೇ ಕಳಿಸಿದ್ದಳು. ಇಷ್ಟಕ್ಕಾಗಿ.

ಬಾಗಿಲ ಸದ್ದಿಗೆ ದಡಬಡಿಸಿ ಎದ್ದು ಕೂದಲು ಗಂಟು ಹಾಕಿಕೊಂಡಳು. "ಅಯ್ಯ, ಬಂದ್ರ್ಯಾ ಅತ್ತಿ? ಈಗಷ್ಟ ಅಡ್ಡಾಗಿದ್ದೆ ನೋಡ್ರಿ. ಚಹಾ ಇಡತೀನ್ರಿ." ಕದ್ದು ಸಿಕ್ಕಿಬಿದ್ದವಳ ದನಿ, ಅದೂ ಸ್ವಂತ ಮನೆಯಲ್ಲಿ.

"ಚಹಾ ಬ್ಯಾಡ. ಚಷ್ಮಾ ಮರತು ಹೋಗಿದ್ದೆ, ಹೊಳ್ಳಿ ಹೊಂಟೆ. ಕ್ಲಾಸ್ ಇನ್ನೂ ಭಾಳ ಹೊತ್ತು ಅದ. ನೀ ಮಲ್ಕೊ."

ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಅವಳು ಅದನ್ನು ನೋಡಿದಳು. ನಾನು ಬಾಗಿಲೆಳೆದುಕೊಂಡು ಕೆಳಗಿಳಿದು, ಕ್ಲಾಸ್ ಬಿಡುವ ಹೊತ್ತಿನವರೆಗೂ ಸೊಸೈಟಿಯ ಬೆಂಚಿನ ಮೇಲೆ ಕೂತೆ.