ಕಣತಲೆಯ ಅಂಚೆಚೀಟಿ

ಸಾವಿರದ ಒಂಬೈನೂರ ಅರವತ್ತರ ಸುಮಾರಿನಲ್ಲಿ ನಾನು ಅಂಚೆ ಕಚೇರಿಗಳ ಇನ್ಸ್‌ಪೆಕ್ಟರ್. ಅರಕಲಗೂಡಿನ ಬಸ್ಸಿನಲ್ಲಿ ಪಕ್ಕದ ಅಜ್ಜಿಗೆ ಗಿಡಗಳ ಚಿತ್ರವಿದ್ದ ನನ್ನ ಎರಡು ವಿದೇಶಿ ಅಂಚೆಚೀಟಿ ತೋರಿಸಿ, "ಇವು ಔಷಧಿ ಗಿಡಗಳಮ್ಮ" ಅಂತ ಜಂಬ ಕೊಚ್ಚಿಕೊಂಡೆ. ತಲೆ ಸಿಡಿಯುತ್ತಿದೆ ಅಂತಲೂ ಅಂದೆ.

"ಔಸ್ದಿ ಕೈಲೇ ಮಡಿಕ್ಕಂಡು ಯಾಕ್ ನೋಯ್ತೀಯಪ್ಪ?" ಎಂದ ಅಜ್ಜಿ, ತಲೆನೋವಿನ ಪಟ್ಟಿ ಅಂಟಿಸುವಂತೆ, ಎಂಜಲು ಹಚ್ಚಿ ಹಣೆಯ ಆಚೆಗೊಂದು ಈಚೆಗೊಂದರಂತೆ ಎರಡನ್ನೂ ನನ್ನ ಕಣತಲೆಗೆ ಒತ್ತಿಬಿಟ್ಟಳು. ಅವಳೆದುರೇ ಕೀಳಲು ದಾಕ್ಷಿಣ್ಯ. ಹಾಗೇ ನಿದ್ದೆ ಹತ್ತಿತು; ಊರು ಬಂದಾಗ ಗಡಬಡಿಸಿ ಇಳಿದೆ.

ತಪಾಸಣೆಗೆ ಹೋದ ಅಂಚೆ ಕಚೇರಿಯಲ್ಲಿ, ಚೀಟಿ ಎಲ್ಲೆಂದರಲ್ಲಿ ಅಂಟಿಸಿದ ಲಕೋಟೆಗಳನ್ನು ಹಿಡಿದು ಎಲ್ಲರನ್ನೂ ಚೆನ್ನಾಗಿ ಬೈದೆ. ತಲೆ ತಗ್ಗಿಸಿ ನಿಂತರು, ಭಯ ಅಂದುಕೊಂಡೆ. ಕೊನೆಗೆ ಸೀಲು ಒತ್ತುವವನು ಮೆಲ್ಲಗೆ ಅಂದ: "ಸಾ, ನಿಮ್ ಕಣತಲೇಲಿರೋವು ನಮ್ ದೇಶದ್ದಲ್ಲ. ಇಲ್ಲಿ ನಡೆಯಾಕಿಲ್ಲ."

ನಾಚಿ ಎರಡನ್ನೂ ಕಿತ್ತು ಜೇಬಿಗಿಳಿಸಿದೆ. ವರದಿಯಲ್ಲಿ ಆ ಕಚೇರಿಯ ಶಿಸ್ತನ್ನು ಮೆಚ್ಚಿ ಬರೆದೆ. ಅಷ್ಟು ಹೊತ್ತು ಒಬ್ಬರೂ ನಕ್ಕಿರಲಿಲ್ಲವಲ್ಲ!